ಕೇಳುವುದು ಯಾರನ್ನು, ಕೇಳಿಸುವುದು ಯಾರ ದನಿ?

(ಸಾವಿನ ಮನೆಗಳಿಗೆ ಭೇಟಿ ಕೊಡುವ ಸಭಾಪಾಲಕರು, ಸಿಸ್ಟರ್‌ಗಳು ಮತ್ತು ಸಭೆಯ ಸ್ವಯಂಸೇವಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಕನ್ನಡದಲ್ಲಿ ‘ಕೇಳು’ ಎಂಬ ಮಾತಿಗೆ ಎರಡು ಕೆಲಸ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಸತ್ತವರ ವಿಷಯ ಬಂದಾಗ ಇವೆರಡೂ ಒಂದಕ್ಕೊಂದು ತೊಡರಿಕೊಳ್ಳುತ್ತವೆ. ‘ಕಣಿ ಕೇಳಿಸಿಕೊಂಡು ಬಂದ್ವಿ’, ‘ಆ ಊರಲ್ಲಿ ಒಬ್ಬರಿಗೆ ಮೈಮೇಲೆ ಬರುತ್ತಂತೆ, ಒಂದ್ಸಲ ಕೇಳಿ ನೋಡೋಣ’, ‘ಪ್ರಶ್ನೆ ಇಡಿಸೋಣ’ ಎಂಬ ಮಾತುಗಳು ಸಮಾಧಿಯ ಮಣ್ಣು ಒಣಗುವ ಮೊದಲೇ ನಮ್ಮ ಸಭೆಯ ಮನೆಗಳಲ್ಲೂ ಓಡಾಡುತ್ತವೆ. ಬಾಗಿಲಲ್ಲಿ ಶಿಲುಬೆ ಇದೆ ಎಂದ ಮಾತ್ರಕ್ಕೆ ಅವು ಹೊರಗೇ ನಿಲ್ಲುವುದಿಲ್ಲ.

ಇದಕ್ಕೆ ನಮ್ಮ ಬಾಯಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: ‘ಅದು ಸೈತಾನನ ಕೆಲಸ, ಹೋಗಬೇಡಿ.’ ಈ ಮಾತು ಸುಳ್ಳಲ್ಲ, ಆದರೆ ಸಾಲದು. ಕದ್ದು ಹೋಗಿಬಂದವರಿಗೆ ಅಲ್ಲಿ ಒಂದು ಮಾತು ನಿಜವೆನಿಸಿದರೆ ಸಾಕು, ನಮ್ಮ ಎಚ್ಚರಿಕೆಗೆ ಬೆಲೆ ಹೋಯಿತು. ಅದೇ ವ್ಯಕ್ತಿಗೆ ನಾಳೆ ಅದು ಬರೀ ಕೈಚಳಕ ಎಂದು ಗೊತ್ತಾದರೆ, ‘ಹಾಗಾದರೆ ಪಾಪ ಏನು ಬಂತು, ದುಡ್ಡು ಹೋಯಿತು ಅಷ್ಟೇ’ ಅನ್ನುತ್ತಾನೆ. ಬೈಬಲಿನ ನಿಷೇಧ ಈ ಎರಡರ ಮೇಲೂ ನಿಂತಿಲ್ಲ.

ಮೊದಲು ಶಬ್ದ. ಯಾಜಕಕಾಂಡ 19:31, 20:6, ಧರ್ಮೋಪದೇಶಕಾಂಡ 18:11 ಇವುಗಳಲ್ಲಿ ಹೀಬ್ರೂ ಭಾಷೆಯ ಎರಡು ಮಾತುಗಳು ಜೋಡಿಯಾಗಿ ಬರುತ್ತವೆ: ‘ಓಬ್’ ಮತ್ತು ‘ಯಿದ್ದೆಓನಿ’. ಓಬ್ ಎಂದರೆ ಸತ್ತವರ ಆತ್ಮ, ಅದನ್ನು ಕರೆಸುವವರಿಗೂ ಅದೇ ಹೆಸರು. ಎರಡನೆಯದು ‘ಅರಿ’ ಎಂಬ ಧಾತುವಿನಿಂದ ಬಂದದ್ದು, ಗುಟ್ಟು ಬಲ್ಲವರು ಎಂಬ ಅರ್ಥದಲ್ಲಿ. ಹಳೆಯ ಗ್ರೀಕ್ ಅನುವಾದಕರು ಓಬ್‌ಗೆ ಹಲವೆಡೆ ‘ಹೊಟ್ಟೆಯಿಂದ ಮಾತಾಡುವವರು’ ಎಂದು ಬರೆದರು. ಅಂದರೆ ದನಿ ಎಲ್ಲಿಂದ ಬರುತ್ತದೆ ಎಂಬ ಅನುಮಾನ ಆಗಲೇ ಇತ್ತು. ಯೆಶಾಯ 8:19 ಆ ದನಿಯನ್ನೇ ಹಾಸ್ಯ ಮಾಡುತ್ತದೆ: ಲೊಚಗುಟ್ಟುವವರು, ಪಿಸುಗುಟ್ಟುವವರು. ಜೀವಂತರಿಗಾಗಿ ಸತ್ತವರನ್ನು ವಿಚಾರಿಸುವುದುಂಟೇ ಎಂದು ಅಲ್ಲೇ ಕೇಳುತ್ತದೆ. ಇನ್ನೊಂದು ಮಾತು. ಯಾಜಕಕಾಂಡ 20:27ರ ಮರಣದಂಡನೆ ಪ್ರಾಚೀನ ಇಸ್ರಾಯೇಲಿನ ನ್ಯಾಯವ್ಯವಸ್ಥೆಗೆ ಸೇರಿದ್ದು. ಅದನ್ನು ತೋರಿಸಿ ಇವತ್ತು ಯಾವ ಹೆಂಗಸಿನ ಮೇಲಾದರೂ ಕೈಮಾಡುವವನು ಕ್ರಿಸ್ತನ ಹೆಸರು ಹೇಳಬಾರದು.

ಇನ್ನು ಏಂದೋರಿಗೆ ಬರೋಣ, 1 ಸಮುವೇಲ 28: ಇಸ್ರಾಯೇಲಿನ ಅರಸ ಸೌಲ, ತೀರಿಕೊಂಡಿದ್ದ ಪ್ರವಾದಿ ಸಮುವೇಲನನ್ನು ಓಬ್ ಬಲ್ಲ ಒಬ್ಬ ಹೆಂಗಸಿನಿಂದ ಕರೆಸಿದ ಕಥೆ. ಫಿಲಿಷ್ಟಿಯರ ಪಾಳೆಯ ಶೂನೇಮಿನಲ್ಲಿ, ಸೌಲನ ಪಾಳೆಯ ಗಿಲ್ಬೋವದಲ್ಲಿ. ಏಂದೋರ್ ಇರುವುದು ಶೂನೇಮಿನ ಆಚೆ, ಉತ್ತರಕ್ಕೆ. ಆ ಹೆಂಗಸಿನ ಮನೆ ಮುಟ್ಟಲು ಅರಸ ಕತ್ತಲಲ್ಲಿ ಶತ್ರುಗಳ ಪಾಳೆಯವನ್ನೇ ಬಳಸಿಕೊಂಡು ಹೋಗಬೇಕು. ಹೋದ, ವೇಷ ಬದಲಿಸಿಕೊಂಡು, ಇಬ್ಬರನ್ನು ಕರೆದುಕೊಂಡು. ಹಗಲು ರಾತ್ರಿ ಅನ್ನ ಮುಟ್ಟಿರಲಿಲ್ಲ. ಕನಸು, ಯಾಜಕರು ದೇವರ ಚಿತ್ತ ತಿಳಿಯಲು ಬಳಸುತ್ತಿದ್ದ ಊರೀಮ್, ಪ್ರವಾದಿಗಳು, ಮೂರು ದಾರಿಯಿಂದಲೂ ಉತ್ತರ ಬಂದಿರಲಿಲ್ಲ. ಇಂಥ ಕಸುಬಿನವರನ್ನು ದೇಶದಿಂದ ಓಡಿಸಿದ್ದವನೂ ಅವನೇ.

ಮುಂದಿನ ಮಾತುಕತೆಯನ್ನು ನಿಧಾನವಾಗಿ ಓದಿ. ನೋಡುವವಳು ಆಕೆ, ಸೌಲನಿಗೆ ಏನೂ ಕಾಣುವುದಿಲ್ಲ. ‘ಏನು ಕಂಡೆ’ ಎಂದು ಅವನು ಕೇಳುತ್ತಾನೆ. ನೆಲದೊಳಗಿಂದ ಒಂದು ದಿವ್ಯರೂಪ ಏಳುತ್ತಿದೆ ಎನ್ನುತ್ತಾಳೆ. ‘ಹೇಗಿದ್ದಾನೆ?’ ಒಬ್ಬ ಮುದುಕ, ನಿಲುವಂಗಿ ಹೊದ್ದಿದ್ದಾನೆ. ಇಷ್ಟೇ. ಆತ ಸಮುವೇಲನೆಂದು ತಿಳಿದುಕೊಂಡವನು ಸೌಲ. ನಿಲುವಂಗಿ ಅಂದಕೂಡಲೇ ಅವನಿಗೆ ಯಾಕೆ ತಿಳಿಯಿತು? ಸಮುವೇಲ ಮಗುವಾಗಿದ್ದಾಗ ತಾಯಿ ಹನ್ನಳು ವರ್ಷವರ್ಷ ಹೊಲಿದು ತರುತ್ತಿದ್ದದ್ದು ನಿಲುವಂಗಿ. 15ನೇ ಅಧ್ಯಾಯದಲ್ಲಿ ಸೌಲ ಹಿಡಿದೆಳೆದಾಗ ಹರಿದದ್ದೂ ನಿಲುವಂಗಿಯೇ, ರಾಜ್ಯ ಕೈಬಿಟ್ಟಿತು ಎಂದು ಅವನಿಗೆ ಹೇಳಿದ್ದು ಆ ಹರಿದ ಅಂಚನ್ನು ತೋರಿಸಿ. ಹೀಬ್ರೂವಿನಲ್ಲಿ ಮೂರೂ ಕಡೆ ಒಂದೇ ಶಬ್ದ.

ಬಂದದ್ದು ನಿಜವಾಗಿ ಸಮುವೇಲನೇ? ಆದಿಸಭೆಯ ಹಿರಿಯ ಬೋಧಕರಲ್ಲಿ ಒಮ್ಮತವಿಲ್ಲ. ಸಮುವೇಲನೇ ಎಂದ ಒರಿಗೆನ್. ಅವನನ್ನು ಎದುರಿಸಿ ಅಂತಿಯೋಕ್ಯದ ಯೂಸ್ತಾಥಿಯುಸ್ ಒಂದು ಪ್ರಬಂಧವನ್ನೇ ಬರೆದ. ತೆರ್ತುಲ್ಲಿಯನ್, ನಿಸ್ಸಾದ ಗ್ರೆಗರಿ ಅದು ದೆವ್ವದ ವೇಷ ಎಂದರು. ಕಥೋಲಿಕ ಬೈಬಲಿನ ಸಿರಾಖ 46:20 ಸಮುವೇಲ ಸತ್ತ ಮೇಲೂ ಪ್ರವಾದಿಸಿದ ಎನ್ನುತ್ತದೆ. ನಮ್ಮ ಮಟ್ಟಿಗೆ ಮೂಲಪಾಠವನ್ನು ಇದ್ದಹಾಗೆ ಓದುವುದು ಮೇಲು: ಅಲ್ಲಿ ‘ಸಮುವೇಲನು ಹೇಳಿದನು’ ಎಂದೇ ಇದೆ, ಆ ಹೆಂಗಸೂ ಬೆಚ್ಚಿ ಕಿರುಚುತ್ತಾಳೆ. ಅಂದರೆ ಆಕೆಯ ಕಸುಬಿನಲ್ಲಿ ದಿನಾ ಆಗುವ ಸಂಗತಿ ಇದಾಗಿರಲಿಲ್ಲ. ಈ ಜಗಳದಲ್ಲಿ ಯಾವ ಕಡೆ ನಿಂತರೂ ಸೌಲನ ಮೇಲಿನ ತೀರ್ಪು ಬದಲಾಗುವುದಿಲ್ಲ ಎಂಬುದೇ ಮುಖ್ಯ. ಬಂದವನು ಸಮುವೇಲನೇ ಆಗಿದ್ದರೂ ಹೊಸದಾಗಿ ಸಿಕ್ಕಿದ್ದು ನಾಳೆ ಸಾಯುತ್ತೀ ಎಂಬ ಸುದ್ದಿ. ಉಳಿದದ್ದು 15ನೇ ಅಧ್ಯಾಯದಲ್ಲಿ ಹೇಳಿದ್ದೇ. ಉತ್ತರ ಅವನ ಕಿವಿಗೆ ಎಂದೋ ಬಿದ್ದಿತ್ತು, ಅದು ಅವನಿಗೆ ಬೇಕಾದ ಉತ್ತರವಾಗಿರಲಿಲ್ಲ. ಸೌಲ ಎಂಬ ಹೆಸರಿಗೇ ‘ಕೇಳಿ ಪಡೆದವನು’ ಎಂದರ್ಥ. ‘ನನ್ನನ್ನು ಯಾಕೆ ಕೇಳುತ್ತೀ’ ಎಂಬ ಸಮುವೇಲನ ಮಾತಿನಲ್ಲೂ, ಓಬ್‌ನಲ್ಲಿ ಕೇಳಿದ್ದಕ್ಕಾಗಿ ಸತ್ತ ಎನ್ನುವ 1 ಪೂರ್ವಕಾಲವೃತ್ತಾಂತ 10:13ರಲ್ಲೂ ಇರುವುದು ಅದೇ ಧಾತು.

ಹೊಸ ಒಡಂಬಡಿಕೆಯಿಂದ ಎರಡು ಕಡೆ ಸಾಕು. ಲೂಕ 16ರಲ್ಲಿ ಸತ್ತ ಐಶ್ವರ್ಯವಂತ ಪಾತಾಳದಿಂದ ಅಬ್ರಹಾಮನನ್ನು ಬೇಡುತ್ತಾನೆ: ಸತ್ತ ಬಡವ ಲಾಜರನನ್ನು ನನ್ನ ಐದು ಮಂದಿ ಅಣ್ಣತಮ್ಮಂದಿರ ಹತ್ತಿರ ಕಳಿಸು. ಅಬ್ರಹಾಮ ಒಪ್ಪುವುದಿಲ್ಲ. ಮೋಶೆಯ ಮಾತನ್ನೂ ಪ್ರವಾದಿಗಳ ಮಾತನ್ನೂ ಕೇಳದವರು ಸತ್ತವನು ಎದ್ದು ಹೋದರೂ ಒಪ್ಪುವುದಿಲ್ಲ ಎನ್ನುತ್ತಾನೆ. ಇನ್ನೊಂದು ಅಪೊಸ್ತಲರ ಕೃತ್ಯಗಳು 16, ಫಿಲಿಪ್ಪಿಯಲ್ಲಿ ದೆವ್ವ ಹಿಡಿದು ಕಣಿ ಹೇಳುತ್ತಿದ್ದ ಆ ದಾಸಿ ಹುಡುಗಿ. ಇವರು ಪರಾತ್ಪರನಾದ ದೇವರ ದಾಸರು ಎಂದು ಆಕೆ ಪೌಲನ ಹಿಂದೆ ಕೂಗಿಕೊಂಡು ಹೋದದ್ದು ಅಕ್ಷರಶಃ ನಿಜ. ಆದರೂ ಪೌಲ ಅದನ್ನು ಪ್ರಚಾರಕ್ಕೆ ಬಳಸದೆ ಬಾಯಿ ಮುಚ್ಚಿಸಿದ. ‘ಅಲ್ಲಿ ಹೇಳಿದ್ದು ನಿಜವಾಯ್ತಲ್ಲ ಪಾಸ್ಟರ್’ ಎಂದು ಯಾರಾದರೂ ಬಂದರೆ ಈ ಪುಟ ತೆರೆದಿಡಿ. ಆ ಹುಡುಗಿ ಬಿಡುಗಡೆಯಾದಾಗ ಕೆರಳಿದವರು ಯಾರು ಎಂದೂ ತೋರಿಸಿ: ಆಕೆಯ ಯಜಮಾನರು, ಆದಾಯ ನಿಂತುಹೋಯಿತಲ್ಲ.

ಆದಿಸಭೆಯ ಬಿಷಪ್ ಸಂತ ಅಗಸ್ತೀನನ ಒಂದು ಮಾತನ್ನು ಸಾವಿನ ಮನೆಯಲ್ಲಿ ಧೈರ್ಯವಾಗಿ ಹೇಳಬಹುದು. ಅವನ ತಾಯಿ ಮೋನಿಕಾ 387ರಲ್ಲಿ ಓಸ್ತಿಯಾದಲ್ಲಿ ತೀರಿಕೊಂಡಳು. ಮಗನ ಬೆನ್ನು ಹಿಡಿದು ಸಮುದ್ರ ದಾಟಿ ಬಂದಿದ್ದ ತಾಯಿ ಆಕೆ. ಎಷ್ಟೋ ವರ್ಷಗಳ ಮೇಲೆ, ಸತ್ತವರ ವಿಷಯವಾಗಿ ನೋಲಾದ ಬಿಷಪ್ ಪೌಲಿನುಸನಿಗೆ ಉತ್ತರಿಸುವಾಗ ಅಗಸ್ತೀನ ಹೇಳಿದ: ಸತ್ತವರು ತಾವಾಗಿ ಬಂದು ನಮ್ಮನ್ನು ಮಾತಾಡಿಸುವುದಾಗಿದ್ದರೆ ನನ್ನ ತಾಯಿ ಒಂದು ರಾತ್ರಿಯೂ ತಪ್ಪಿಸುತ್ತಿರಲಿಲ್ಲ.

ಈಗ ಕಸುಬಿನ ಒಳಗಿಳಿಯೋಣ. ಈಗಿನ ರೀತಿಯ ‘ಮೀಡಿಯಂ’ ಪದ್ಧತಿ, ಅಂದರೆ ಸತ್ತವರ ಮಾತು ತರುತ್ತೇವೆ ಎನ್ನುವವರ ಕಸುಬು, ಹುಟ್ಟಿದ್ದು 1848ರ ಮಾರ್ಚ್ 31ರ ರಾತ್ರಿ ಎಂದು ಲೆಕ್ಕ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ. ಮ್ಯಾಗಿ ಮತ್ತು ಕೇಟ್ ಫಾಕ್ಸ್ ಎಂಬ ಇಬ್ಬರು ಹುಡುಗಿಯರು ಪ್ರಶ್ನೆ ಕೇಳಿದರೆ ಟಕಟಕ ಎಂದು ಉತ್ತರ ಬರುತ್ತಿತ್ತು. 1851ರಲ್ಲಿ ಬಫೆಲೋ ನಗರದ ವೈದ್ಯರು ಅವರ ಕಾಲು ನೀಡಿಸಿ, ಹಿಮ್ಮಡಿಗಳನ್ನು ಮೆತ್ತೆಯ ಮೇಲೆ ಇಡಿಸಿದರು. ಸದ್ದು ನಿಂತಿತು. ಕಾಲಿನ ಕೀಲು ಲಟಕ್ಕೆನ್ನಿಸಲು ಗಟ್ಟಿ ಆಸರೆ ಬೇಕು, ಆ ಸದ್ದು ದೊಡ್ಡದಾಗಿ ಕೇಳಲು ಮರದ ಹಲಗೆ ಬೇಕು. 1888ರ ಅಕ್ಟೋಬರ್ 21ರಂದು ನ್ಯೂಯಾರ್ಕಿನ ಅಕಾಡೆಮಿ ಆಫ್ ಮ್ಯೂಸಿಕ್ ರಂಗಮಂದಿರದಲ್ಲಿ ಮ್ಯಾಗಿ ತಾನೇ ಕಾಲ್ಬೆರಳಿನ ಕೀಲಿನಿಂದ ಆ ಸದ್ದು ಮಾಡಿ ತೋರಿಸಿದಳು. ಮರುವರ್ಷ ಆ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡಳು, ಅದನ್ನೂ ಹೇಳಬೇಕು. ಅಷ್ಟು ಹೊತ್ತಿಗೆ ಲಕ್ಷಾಂತರ ಜನ ನಂಬಿ ಆಗಿತ್ತು, ತಪ್ಪೊಪ್ಪಿಗೆಯನ್ನು ಕೇಳುವವರು ಇರಲಿಲ್ಲ.

ಮೇಜು ತಾನಾಗಿ ತಿರುಗುವುದು, ಹಾಸ್ಟೆಲಿನಲ್ಲಿ ಅಕ್ಷರ ಬರೆದ ಹಾಳೆಯ ಮೇಲೆ ಎಲ್ಲರೂ ಬೆರಳಿಟ್ಟ ನಾಣ್ಯ ಓಡುವುದು, ಇವು ಇನ್ನೊಂದು ಬಗೆ. ಇಲ್ಲಿ ಮೋಸಗಾರ ಇರಲೇಬೇಕೆಂದಿಲ್ಲ. 1853ರಲ್ಲಿ ಮೈಕೆಲ್ ಫ್ಯಾರಡೆ ಮೇಜಿನ ಮೇಲೆ ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಮೆತ್ತನೆಯ ಅಂಟಿನ ಪುಟ್ಟ ಉಂಡೆಗಳನ್ನು ಇರಿಸಿದ. ಜನ ಮೇಲಿನ ರಟ್ಟಿನ ಮೇಲೆ ಕೈಯಿಟ್ಟು ಕೂತರು. ಮೇಜು ತಾನೇ ಹೊರಟಿದ್ದರೆ ಕೆಳಗಿನ ಹಾಳೆ ಮುಂದೆ ಸರಿದು ಮೇಲಿನದು ಹಿಂದುಳಿಯಬೇಕು. ಆದದ್ದು ತಿರುಗುಮುರುಗು: ಮೇಲಿನ ಹಾಳೆಯೇ ಹೆಚ್ಚು ಸರಿದಿತ್ತು. ಕೈ ಮೊದಲು, ಮೇಜು ಆಮೇಲೆ. ಮುಂದೆ ಕೈಯ ಸಣ್ಣ ಸರಿತವೂ ಕಾಣುವಂತೆ ಒಂದು ಕಡ್ಡಿಯ ಮುಳ್ಳು ಇಟ್ಟ. ಮುಳ್ಳು ಕಣ್ಣಿಗೆ ಕಾಣುವಷ್ಟು ಹೊತ್ತು ಮೇಜು ಅಲ್ಲಾಡಲಿಲ್ಲ. ಕೂತವರು ಪ್ರಾಮಾಣಿಕರೇ, ತಮ್ಮ ಕೈ ತಳ್ಳುತ್ತಿದೆ ಎಂಬುದು ಅವರಿಗೇ ತಿಳಿದಿರಲಿಲ್ಲ.

ಯುವಜನರ ಕೂಟದಲ್ಲಿ ಇದನ್ನು ತೋರಿಸಲು ನಾಣ್ಯದ ಆಟ ಆಡಿಸಬೇಡಿ. ಯಾವ ಆತ್ಮವನ್ನೂ ಕರೆಯದೆ ಇದೇ ಸಂಗತಿಯನ್ನು ತೋರಿಸಬಹುದು, ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೂಲ್ 1833ರಲ್ಲೇ ಬರೆದಿಟ್ಟಿದ್ದಾನೆ. ಸುಮಾರು 25 ಸೆಂಟಿಮೀಟರ್ ದಾರಕ್ಕೆ ಒಂದು ಉಂಗುರವನ್ನೋ ಕಬ್ಬಿಣದ ನಟ್ಟನ್ನೋ ಕಟ್ಟಿ. ಹಾಳೆಯ ಮೇಲೆ ಅಡ್ಡ ಒಂದು, ಉದ್ದ ಒಂದು ಗೆರೆ. ಮೊಣಕೈ ಮೇಜಿಗೆ ಊರಿ, ದಾರವನ್ನು ಎರಡೇ ಬೆರಳಲ್ಲಿ ಹಿಡಿದು, ಕೈ ಅಲ್ಲಾಡಿಸದೆ ಅಡ್ಡಗೆರೆಯ ಮೇಲೆ ಓಡಲಿ ಎಂದು ಮನಸ್ಸಿನಲ್ಲಷ್ಟೇ ನೆನೆಯಲು ಹೇಳಿ. ಸ್ವಲ್ಪ ಹೊತ್ತಿಗೆ ಹೆಚ್ಚಿನವರ ಕೈಯಲ್ಲಿ ಉಂಗುರ ಓಡತೊಡಗುತ್ತದೆ. ಉದ್ದಗೆರೆ ನೆನೆದರೆ ದಿಕ್ಕು ಬದಲಾಗುತ್ತದೆ. ಕಣ್ಣು ಮುಚ್ಚಿಸಿದರೆ ಓಟ ಮಂದವಾಗುತ್ತದೆ. ಕೈ ಗಾಳಿಯಲ್ಲಿ ತೇಲುತ್ತಿದ್ದರೆ ಪ್ರಯೋಗ ಕೆಡುತ್ತದೆ, ನಡುಕ ಎಲ್ಲವನ್ನೂ ಕಲಸಿಬಿಡುತ್ತದೆ. ಅದಕ್ಕೇ ಮೊಣಕೈ ಊರಿಸುವುದು. ನಾಣ್ಯವೂ ಹೀಗೆಯೇ ಓಡುತ್ತದೆ. ಅಕ್ಷರಗಳನ್ನು ಕಲಸಿ, ಆಡುವವರ ಕಣ್ಣಿಗೆ ಬಟ್ಟೆ ಕಟ್ಟಿದರೆ ‘ಆತ್ಮ’ಕ್ಕೆ ಓದು ಮರೆತುಹೋಗುತ್ತದೆ. ಹಾಗಿದ್ದರೆ ಆಡಿದರೇನು ಎಂದು ಹುಡುಗರು ಕೇಳಿಯೇ ಕೇಳುತ್ತಾರೆ. ನಾಲ್ವರ ಬೆರಳಿನಿಂದ ಹೊರಬರುವುದು ಹೆಚ್ಚಾಗಿ ಅವರ ಭಯ. ‘ನೀನು ಇಂಥ ತಿಂಗಳು ಸಾಯ್ತೀ’ ಎಂದು ಅಕ್ಷರ ಕೂಡಿಬಂದರೆ ಆ ತಿಂಗಳು ಕಳೆಯುವವರೆಗೆ ಒಂದು ಮಗುವಿಗೆ ನಿದ್ದೆಯಿಲ್ಲ. ಅದರ ಮೇಲೆ, ಆಟವೆಂದೇ ಇರಲಿ, ಅಲ್ಲಿ ಕೂತವರು ‘ಯಾರಾದರೂ ಬನ್ನಿ’ ಎಂದು ಬಾಗಿಲು ತೆರೆದು ಕರೆಯುತ್ತಿದ್ದಾರೆ. ಕರೆಯಬೇಡಿ ಎಂದು ದೇವರು ಹೇಳಿರುವುದು ಅದನ್ನೇ.

ಮೂರನೆಯದು ಬಾಯಿಮಾತಿನ ಕಸುಬು, ಎಲ್ಲಕ್ಕಿಂತ ಸೂಕ್ಷ್ಮ. ಕೇಳುವವರು ನೀವು ಅಂದುಕೊಂಡಿರುತ್ತೀರಿ, ನಿಜಕ್ಕೂ ನಿಮ್ಮನ್ನು ಕೇಳಿಸಿಕೊಳ್ಳುತ್ತಿರುವವರು ಅವರು. ‘ಜ ಅಕ್ಷರ ಬರ್ತಾ ಇದೆ.’ ಕ್ರೈಸ್ತ ಮನೆಯಲ್ಲಿ ಜಾನ್, ಜೋಸೆಫ್, ಜೇಮ್ಸ್, ಜೇಕಬ್, ಜಾಯ್ಸ್ ಯಾರೂ ಇಲ್ಲದಿದ್ದರೆ ಅದೇ ಪವಾಡ. ‘ಎದೆ ಭಾಗದಲ್ಲಿ ಭಾರ…’ ‘ಹೌದು, ಹಾರ್ಟ್ ಅಟ್ಯಾಕ್!’ ಯಾವ ರೋಗದಿಂದ ಸತ್ತರೂ ಕೊನೆಗೆ ಉಸಿರು ಕಟ್ಟುವುದು ಎದೆಯಲ್ಲೇ. ‘ಏನೋ ಒಂದು ಮಾತು ಹೇಳದೆ ಉಳಿದುಹೋಯಿತು.’ ಯಾರ ಮನೆಯಲ್ಲಿ ಉಳಿದಿಲ್ಲ? 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ‘ನಿನ್ನ ಸ್ವಭಾವ ಇದು’ ಎಂದು ಒಂದೇ ಬರಹ ಕೊಟ್ಟ, ಎಲ್ಲರಿಗೂ ಅದೇ. ಎಷ್ಟು ಸರಿಯಾಗಿದೆ ಎಂದು 5ಕ್ಕೆ ಅಂಕ ಹಾಕಲು ಹೇಳಿದಾಗ ಸರಾಸರಿ 4.26 ಬಂತು. ಇದರ ಮೇಲೆ ಮೊದಲೇ ಕಲೆಹಾಕಿದ ಸುದ್ದಿ ಬೇರೆ. ಅಮೆರಿಕದಲ್ಲಿ ಹದಿಮೂರು ವರ್ಷ ಈ ಕಸುಬು ನಡೆಸಿ 1976ರಲ್ಲಿ ಎಲ್ಲ ಬಯಲು ಮಾಡಿದ ಲಮಾರ್ ಕೀನ್, ಗಿರಾಕಿಗಳ ವಿವರದ ಕಾರ್ಡುಗಳು ಮೀಡಿಯಂಗಳ ನಡುವೆ ಕೈಬದಲಾಗುತ್ತಿದ್ದುದನ್ನು ಹೇಳಿದ. ನಮ್ಮಲ್ಲಿ ಕಾರ್ಡು ಯಾಕೆ? ರಸ್ತೆ ತಿರುವಿನ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಹುಟ್ಟಿದ ದಿನ, ಸತ್ತ ದಿನ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳ ಹೆಸರು, ಕೆಲವೊಮ್ಮೆ ಫೋನ್ ನಂಬರೂ ಇರುತ್ತದೆ. ಉಳಿದದ್ದು ವಾಟ್ಸ್‌ಆಪ್ ಸ್ಟೇಟಸ್ಸಿನಲ್ಲಿ.

ಮೋಸದ ಉದ್ದೇಶವೇ ಇಲ್ಲದೆ ಹೇಗೆ ಎಡವಟ್ಟಾಗುತ್ತದೆ ಎಂಬುದಕ್ಕೆ 1922ರ ಜೂನ್, ಅಟ್ಲಾಂಟಿಕ್ ಸಿಟಿ. ಜಾದೂಗಾರ ಹುಡೀನಿಯ ತಾಯಿ ತೀರಿಕೊಂಡು ಹತ್ತಿರಹತ್ತಿರ ಒಂಬತ್ತು ವರ್ಷವಾಗಿತ್ತು. ಷೆರ್ಲಾಕ್ ಹೋಮ್ಸ್ ಕಥೆಗಳ ಲೇಖಕ ಆರ್ಥರ್ ಕಾನನ್ ಡಾಯ್ಲ್‌ನ ಹೆಂಡತಿ ಆ ತಾಯಿಯ ಆತ್ಮದ ಪ್ರೇರಣೆಯಿಂದ ಎಂದು ಪುಟಗಟ್ಟಲೆ ಬರೆದರು, ಹಾಳೆಯ ನೆತ್ತಿಯಲ್ಲಿ ಒಂದು ಶಿಲುಬೆ ಹಾಕಿ, ಒಳ್ಳೆಯ ಇಂಗ್ಲಿಷಿನಲ್ಲಿ. ಹುಡೀನಿಯ ತಾಯಿ ಯೆಹೂದಿ ರಬ್ಬಿಯ ಹೆಂಡತಿ, ಇಂಗ್ಲಿಷ್ ಆಕೆಗೆ ಸರಿಯಾಗಿ ಬರುತ್ತಲೇ ಇರಲಿಲ್ಲ. ಬರೆದಾಕೆಯ ಮನಸ್ಸು ಪ್ರೀತಿಯದೇ, ಹಾಳೆಯ ಮೇಲೆ ಇಳಿದದ್ದೂ ಆ ಮನಸ್ಸೇ.

ಮೊದಲ ಮಹಾಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರು ಮೀಡಿಯಂಗಳ ಬಾಗಿಲಿಗೆ ಮುಗಿಬಿದ್ದ ಕಾಲದಲ್ಲೇ, 1917ರ ಏಪ್ರಿಲ್ 24ರಂದು, ಕಥೋಲಿಕ ಸಭೆಯ ಬೋಧನೆಯನ್ನು ಕಾಯುತ್ತಿದ್ದ ರೋಮಿನ ಕಚೇರಿ, ಹೋಲಿ ಆಫೀಸ್, ಒಂದು ಪ್ರಶ್ನೆಗೆ ಉತ್ತರ ಕೊಟ್ಟಿತು. ಪ್ರಶ್ನೆ ಬಹಳ ಜಾಣತನದ್ದು: ಆತ್ಮಗಳನ್ನು ಕೇಳುವುದು, ಅವುಗಳ ಉತ್ತರವನ್ನು ಕೇಳಿಸಿಕೊಳ್ಳುವುದು, ಕೊನೆಗೆ ಬರೀ ನೋಡುತ್ತ ಕೂರುವುದು, ದುಷ್ಟಾತ್ಮಗಳ ಸಂಗ ನನಗೆ ಬೇಡ ಎಂದು ಹೇಳಿಕೊಂಡೇ ಕೂತರೂ, ಸಲ್ಲುತ್ತದೆಯೇ? ಎಲ್ಲಕ್ಕೂ ಸಲ್ಲದು ಎಂಬುದೇ ಉತ್ತರ. ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಬೇರೆ ದಾರಿ ಹಿಡಿಯಿತು. ಆರ್ಚ್‌ಬಿಷಪ್ ಲ್ಯಾಂಗ್ ನೇಮಿಸಿದ ಸಮಿತಿಯ ಬಹುಮತದ ವರದಿ ಈ ಚಳವಳಿಯ ಬಗ್ಗೆ ಸಾಕಷ್ಟು ಮೃದುವಾಗಿತ್ತು. 1939ರಲ್ಲಿ ಕೈಸೇರಿದ ವರದಿಯನ್ನು ಸಭೆ ಪ್ರಕಟಿಸದೆ ಇಟ್ಟುಕೊಂಡಿತು. ಮುಚ್ಚಿಟ್ಟದ್ದು ತಪ್ಪು ಎಂದೇ ನಮ್ಮ ಎಣಿಕೆ. ಒಪ್ಪದ ವರದಿಯನ್ನು ಹೊರಗಿಟ್ಟು ವಾದಿಸಬೇಕಿತ್ತು.

ಕಥೋಲಿಕರೂ ಪ್ರೊಟೆಸ್ಟಂಟರೂ ಕೂತಿರುವ ಸಭೆ ಇದು, ಆದ್ದರಿಂದ ಒಂದು ವ್ಯತ್ಯಾಸ ಬಿಡಿಸಿಡಬೇಕು. ನವೆಂಬರ್ 2ರಂದು ಸಮಾಧಿಗೆ ಮೇಣದಬತ್ತಿ ಹಚ್ಚಿ ಮೃತರಿಗಾಗಿ ಪ್ರಾರ್ಥಿಸುವುದು ಸರಿಯೇ ಎಂಬುದರ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇದೆ, ಇರಲಿ. ಆದರೆ ಅಲ್ಲಿನ ಮಾತು ದೇವರ ಜೊತೆ, ಯಾರನ್ನೂ ಕೆಳಗೆ ಕರೆಸುವುದಿಲ್ಲ, ಯಾವ ಗುಟ್ಟನ್ನೂ ಬೇಡುವುದಿಲ್ಲ. ಅದನ್ನೂ ಓಬ್‌ನನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ.

ಇನ್ನು ಮನೆಗೆ ಹೋದಾಗ ಏನು ಮಾಡಬೇಕು. ‘ಹೋಗಿ ಕೇಳ್ಕೊಂಡು ಬರ್ತೀವಿ’ ಅಂದವರಿಗೆ ವಚನ ಓದುವ ಮೊದಲು ಒಂದು ಮಾತು ಕೇಳಿ: ‘ಅಮ್ಮಾ, ಅವರನ್ನ ಏನು ಕೇಳ್ಬೇಕು ಅಂತಿದ್ದೀರಿ?’ ಕೇಳಿ ಸುಮ್ಮನಿರಿ. ಉತ್ತರಕ್ಕೆ ಹೊತ್ತು ಹಿಡಿಯುತ್ತದೆ. ಬರುವ ಉತ್ತರ ಬಹುಮಟ್ಟಿಗೆ ನಾಲ್ಕರಲ್ಲಿ ಒಂದು, ನಾಲ್ಕಕ್ಕೂ ಹೋಗಬೇಕಾದ ಬಾಗಿಲು ಬೇರೆ ಬೇರೆ. ಕೊನೆಗಳಿಗೆಯಲ್ಲಿ ನೋವಾಯಿತೇ ಎಂಬುದಾದರೆ, ಚಿಕಿತ್ಸೆ ಕೊಟ್ಟ ವೈದ್ಯರ ಹತ್ತಿರ ಕೇಸ್ ಶೀಟ್ ಹಿಡಿದು ಜೊತೆಯಲ್ಲೇ ಹೋಗಿ. ಪತ್ರ ಎಲ್ಲಿಟ್ಟರು, ಯಾರಿಗೆ ಸಾಲ ಕೊಟ್ಟರು ಎಂಬುದಾದರೆ ಬ್ಯಾಂಕಿಗೆ ಹೋಗಿ ನಾಮಿನಿ ಯಾರೆಂದು ನೋಡಿ, ಉಪನೋಂದಣಿ ಕಚೇರಿಯಲ್ಲಿ ಆಸ್ತಿಯ ಋಣಭಾರ ಪತ್ರ (ಇ.ಸಿ.) ತೆಗೆಸಿ. ಇಂಥ ಪ್ರಶ್ನೆಗೆ ಮೈಮೇಲೆ ಬಂದವರ ಉತ್ತರ ನಂಬಿ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ನನ್ನನ್ನು ಕ್ಷಮಿಸಿದರೇ ಎಂಬುದಾದರೆ, ಏನು ನಡೆಯಿತೋ ಅದನ್ನು ದೇವರ ಮುಂದೆ ಹೆಸರಿಟ್ಟು ಹೇಳಲು ಜೊತೆಗಿರಿ, ಕಥೋಲಿಕರಾದರೆ ಗುರುಗಳ ಬಳಿ ಪಾಪನಿವೇದನೆಗೆ ಕರೆದೊಯ್ಯಿರಿ. ಅವರು ಎಲ್ಲಿದ್ದಾರೆ, ರಕ್ಷಣೆ ಸಿಕ್ಕಿತೇ ಎಂಬುದಾದರೆ, ಮುಖ್ಯವಾಗಿ ಆತ್ಮಹತ್ಯೆಯ ಮನೆಯಲ್ಲಿ, ತೀರ್ಪು ಕೊಡಲು ಹೋಗಬೇಡಿ. ಆ ಅಧಿಕಾರ ಮೀಡಿಯಂಗೂ ಇಲ್ಲ, ನಮಗೂ ಇಲ್ಲ.

ಕೆಲವರು ಹಿಂಜರಿಯುತ್ತ ಹೇಳುತ್ತಾರೆ: ಅವರು ಬಾಗಿಲಲ್ಲಿ ನಿಂತ ಹಾಗಿತ್ತು, ಕೆಮ್ಮಿದ್ದು ಕೇಳಿಸಿತು. ಗದರಿಸಬೇಡಿ. ವೇಲ್ಸಿನ ವೈದ್ಯ ಡೀವಿ ರೀಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾತಾಡಿಸಿದ 293 ವಿಧವೆ ವಿಧುರರ ಪೈಕಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಅಂಥ ಅನುಭವವಾಗಿತ್ತು. ಕರೆಯದೆ ಬಂದದ್ದು ದುಃಖದ ಒಂದು ಮುಖ, ಅದು ಓಬ್ ಕೇಳಿದಂತಲ್ಲ. ಆದರೆ ‘ನನ್ನ ಜೊತೆ ಬಾ’ ಎಂದು ದನಿ ಕರೆಯುತ್ತಿದೆ ಎಂದರೆ, ವಾರಗಟ್ಟಲೆ ನಿದ್ದೆ ಊಟ ಬಿಟ್ಟಿದ್ದರೆ, ಪ್ರಾರ್ಥನೆಯ ಜೊತೆಗೇ ವೈದ್ಯರನ್ನು ಕಾಣಿಸಿ. ಅದೇ ಗಳಿಗೆಯಲ್ಲಿ ಮಾತಾಡಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಕಟ್ಟಿಹಾಕುವುದು 2020ರ ಜನವರಿಯಿಂದ ಜಾರಿಯಲ್ಲಿರುವ ಕರ್ನಾಟಕದ ಮೌಢ್ಯ ನಿಷೇಧ ಕಾಯಿದೆಯಲ್ಲಿ ಅಪರಾಧ. ಪ್ರಾರ್ಥನಾಲಯಕ್ಕೆ ಅದರಿಂದ ವಿನಾಯಿತಿ ಇಲ್ಲ, ಇರಲೂಬಾರದು.

ಆಗಲೇ ಹೋಗಿಬಂದವರಿದ್ದರೆ ಮೂರು ಸಂಗತಿ ತಿಳಿದುಕೊಳ್ಳಿ: ಏನು ಹೇಳಿದರು, ಏನು ಮಾಡಲು ಹೇಳಿದರು, ಎಷ್ಟು ಕೊಟ್ಟಿರಿ. ಮೊದಲ ಸಲ ಅಗ್ಗ, ಮೂರನೇ ಸಲಕ್ಕೆ ‘ಅವರಿಗೆ ಶಾಂತಿ ಸಿಕ್ಕಿಲ್ಲ’ ಎಂಬ ಮಾತು ಬರುತ್ತದೆ, ಖರ್ಚು ಏರುವುದು ಅಲ್ಲಿಂದ. ಮುಂದಿನ ಹಣ ನಿಲ್ಲಿಸಿ. ದಾರ, ತಾಯತ ಇದ್ದರೆ ನೀವಾಗಿ ಕಿತ್ತುಹಾಕಬೇಡಿ. ಎಫೆಸದಲ್ಲಿ (ಅಪೊಸ್ತಲರ ಕೃತ್ಯಗಳು 19) ಐವತ್ತು ಸಾವಿರ ಬೆಳ್ಳಿನಾಣ್ಯ ಬೆಲೆಯ ಮಾಟದ ಪುಸ್ತಕ ಸುಟ್ಟವರು ಸುಟ್ಟದ್ದು ತಮ್ಮ ತಮ್ಮ ಪುಸ್ತಕಗಳನ್ನು. ತ್ಯಜಿಸುವ ಪ್ರಾರ್ಥನೆ ಹಗಲಿನಲ್ಲಿ ಮಾಡಿ, ಅವರದೇ ಮಾತಿನಲ್ಲಿ, ಐದು ನಿಮಿಷ ಸಾಕು. ನಡುರಾತ್ರಿ, ಕಿರುಚಾಟ, ನೆಲಕ್ಕೆ ಕೆಡವುವುದು ಇವೆಲ್ಲ ಆ ಕಸುಬಿನ ರಂಗಸಜ್ಜಿಕೆ, ನಮಗೆ ಯಾಕೆ?

ಭೇಟಿಯ ದಿನಗಳನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳಿ. ಮೊದಲ ವಾರ ಮನೆ ತುಂಬ ಜನ, ನೀವು ಹೋಗದಿದ್ದರೂ ನಡೆಯುತ್ತದೆ. ಖಾಲಿಯಾಗುವುದು ನಲವತ್ತು ದಿನ ಕಳೆದ ಮೇಲೆ, ಆಮೇಲೆ ಸತ್ತವರ ಹುಟ್ಟುಹಬ್ಬಕ್ಕೆ, ಮೊದಲ ಕ್ರಿಸ್‌ಮಸ್ಸಿಗೆ. ಕಣಿಯವರ ವಿಳಾಸ ಕೊಡುವ ನೆಂಟರು ಬರುವುದೂ ಆಗಲೇ. ಹೋಗುವಾಗ ಏನಾದರೂ ಬೇಯಿಸಿಕೊಂಡು ಹೋಗಿ, ಕೂತು ಅವರ ಜೊತೆ ಉಣ್ಣಿ. ಏಂದೋರಿನ ಆ ರಾತ್ರಿ ಸೌಲ ಹೊಟ್ಟೆಗಿಲ್ಲದೆ ನೆಲಕ್ಕೆ ಬಿದ್ದಾಗ, ಬೇಡವೆಂದರೂ ಬಿಡದೆ, ಮನೆಯಲ್ಲಿದ್ದ ಕೊಬ್ಬಿದ ಕರುವನ್ನು ಕೊಯ್ದು, ಹಿಟ್ಟು ನಾದಿ ಹುಳಿಯಿಲ್ಲದ ರೊಟ್ಟಿ ಸುಟ್ಟು ಬಡಿಸಿದವಳು ಆ ಹೆಂಗಸೇ. ಉಂಡ ಮೇಲೆ ಅವನು ಎದ್ದು ನಡೆಯುವಂತಾದ.